ಸಂತೆಯಿಲ್ಲದ ಊರಿನ ವಸಂತ

2020ರ ಮಾರ್ಚ್ 17, ಮಧ್ಯಾಹ್ನ 12 ಗಂಟೆ. ಫ್ರಾನ್ಸ್ ಬಾಗಿಲು ಹಾಕಿಕೊಂಡಿತು. ಪ್ಯಾರಿಸ್ಸಿನ ಖಾಲಿ ಬೀದಿಗಳನ್ನು ಜಗತ್ತೆಲ್ಲ ನೋಡಿತು. ಹಳ್ಳಿಗಳ ಕಡೆ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ. ಗಾಳಿ, ಬಯಲು, ಮನೆಯಿಂದ ಮನೆಗೆ ಅಂತರ ಎಲ್ಲವೂ ಮೊದಲೇ ಇದ್ದ ಊರುಗಳಿಂದ ಆ 55 ದಿನಗಳು ಕಿತ್ತುಕೊಂಡದ್ದೇನು?

ಮಂಗಳವಾರ. ದಕ್ಷಿಣ ಫ್ರಾನ್ಸ್‌ನ ಪ್ರೊವಾನ್ಸ್ ಸೀಮೆ. ಲುಬೆರೋಂ ಬೆಟ್ಟಸಾಲಿನ ಇಳಿಜಾರಿಗೆ ಅಂಟಿಕೊಂಡ ಹಳ್ಳಿಗಳಲ್ಲಿ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಬೇರೆ ದಿನವಾಗಿದ್ದರೆ ಅದು ಊಟದ ಗಂಟೆ. ದ್ರಾಕ್ಷಿ ತೋಟದವರು ಕತ್ತರಿ ಜೇಬಿಗಿಳಿಸಿ ಮನೆ ಕಡೆ ಹೊರಡುವ ಹೊತ್ತು, ಬೇಕರಿಯವರು ಬೆಳಗಿನ ಕೊನೆಯ ಬ್ರೆಡ್ಡು ಮಾರಿ ಬಾಗಿಲೆಳೆಯುವ ಹೊತ್ತು, ಚೌಕದ ಕೆಫೆಯಲ್ಲಿ ಗ್ಲಾಸುಗಳ ಸದ್ದು ಏರುವ ಹೊತ್ತು.

ಅಂದು ಆ ಗಂಟೆಯೊಂದಿಗೇ ಕೋವಿಡ್ ಲಾಕ್‌ಡೌನ್ ಆದೇಶ ಜಾರಿಗೆ ಬಂತು. ಕೆಫೆಯ ಕುರ್ಚಿಗಳು ಎರಡು ದಿನ ಮೊದಲೇ ಮೇಜಿನ ಮೇಲೆ ಮಗುಚಿಕೊಂಡಿದ್ದವು. ಮುದುಕರು ಕೂರುವ ಬೆಂಚು ಖಾಲಿ. ಪ್ಲೇನ್ ಮರಗಳ ಕೆಳಗೆ ಕಬ್ಬಿಣದ ಗುಂಡು ಎಸೆದು ಆಡುವ ಪೆತಾಂಕ್ ಅಂಕಣದಲ್ಲಿ ಒಂದು ಹೆಜ್ಜೆ ಗುರುತೂ ಹೊಸದಾಗಿ ಮೂಡಲಿಲ್ಲ. ಬಿಸಿಲು ಮಾತ್ರ ಧಾರಾಳವಾಗಿತ್ತು. ಆ ವರ್ಷದ ಏಪ್ರಿಲ್, ಫ್ರಾನ್ಸ್ ಕಂಡ ಅತಿ ಬೆಚ್ಚನೆಯ ಏಪ್ರಿಲ್‌ಗಳಲ್ಲಿ ಒಂದು.

ಹಿಂದಿನ ರಾತ್ರಿ 8 ಗಂಟೆಗೆ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್ ಟಿವಿಯಲ್ಲಿ ‘ನಾವು ಯುದ್ಧದಲ್ಲಿದ್ದೇವೆ’ ಎಂದು ಒಂದೇ ಭಾಷಣದಲ್ಲಿ ಆರು ಬಾರಿ ಹೇಳಿದ್ದರು. ಸಿದ್ಧವಾಗಲು ಜನರಿಗೆ ಸಿಕ್ಕಿದ್ದು 16 ಗಂಟೆ. ಒಂದು ವಾರದ ನಂತರ ಭಾರತಕ್ಕೆ ಸಿಕ್ಕಿದ್ದು ನಾಲ್ಕು ಗಂಟೆ.

ಆ 16 ಗಂಟೆಗಳಲ್ಲೂ ಅದರ ಹಿಂದಿನ ದಿನಗಳಲ್ಲೂ ಪ್ಯಾರಿಸ್ಸಿನಿಂದ ಹೊರಟ ಕಾರುಗಳು ಹೆದ್ದಾರಿ ತುಂಬಿದವು. ಮೊಬೈಲ್ ಕಂಪನಿ ಆರೆಂಜ್ ತನ್ನ ದತ್ತಾಂಶ ನೋಡಿ ಹಾಕಿದ ಅಂದಾಜಿನಂತೆ, ಮಾರ್ಚ್ 13ರಿಂದ 20ರೊಳಗೆ ಪ್ಯಾರಿಸ್ ಮಹಾನಗರ ಪ್ರದೇಶವನ್ನು ಬಿಟ್ಟವರು ಸುಮಾರು 12 ಲಕ್ಷ, ಅಂದರೆ ಅಲ್ಲಿನ ಜನರಲ್ಲಿ ಶೇ 17. ಅಟ್ಲಾಂಟಿಕ್ ಕರಾವಳಿಯ ಇಲ್ ದ ರೇ ದ್ವೀಪದ ಜನಸಂಖ್ಯೆ ಒಂದೇ ವಾರದಲ್ಲಿ ಶೇ 30ರಷ್ಟು ಉಬ್ಬಿತು. ಬೇಸಿಗೆಯಲ್ಲಷ್ಟೇ ತೆರೆಯುತ್ತಿದ್ದ ರಜಾ ಮನೆಗಳ ಕಿಟಕಿಗಳು ಮಾರ್ಚ್‌ನಲ್ಲೇ ತೆರೆದುಕೊಂಡವು.

ಊರಿನವರು ಇದನ್ನು ಕಣ್ಣರಳಿಸಿ ಸ್ವಾಗತಿಸಲಿಲ್ಲ. ಹತ್ತಿರದ ಆಸ್ಪತ್ರೆಗೆ ಒಂದು ಗಂಟೆಯ ದಾರಿ, ಇದ್ದೊಬ್ಬ ವೈದ್ಯರಿಗೆ ನಿವೃತ್ತಿಯ ವಯಸ್ಸು. ಅಂಥ ಕಡೆ ಸೋಂಕಿನ ನಗರದಿಂದ ಕಾರು ಬಂದು ನಿಂತರೆ ಭಯವಾಗುವುದು ಸಹಜ. ಫ್ರಾನ್ಸ್‌ನ ಕಾರು ಫಲಕದಲ್ಲಿ ಜಿಲ್ಲೆಯ ಸಂಖ್ಯೆ ಇರುತ್ತದೆ, ಪ್ಯಾರಿಸ್ಸಿನದು 75. ಆ ಸಂಖ್ಯೆಯೇ ಊರಿನ ಕಣ್ಣಿಗೆ ಚುಚ್ಚತೊಡಗಿತು. ಬಾಸ್ಕ್ ಸೀಮೆಗೆ ಹೋದ ಲೇಖಕಿ ಮಾರಿ ದಾರಿಯೊಸೆಕ್, ತಮ್ಮ ಪ್ಯಾರಿಸ್ ಕಾರನ್ನು ಗ್ಯಾರೇಜಿನೊಳಗೆ ಮರೆಮಾಡಿದ್ದನ್ನು ತಾವೇ ಬರೆದರು. ನಾರ್ಮಂಡಿಯ ಹಳ್ಳಿಮನೆಯಿಂದ ಕಾದಂಬರಿಗಾರ್ತಿ ಲೆಯ್ಲಾ ಸ್ಲಿಮಾನಿ ‘ಲ ಮೋಂದ್’ ಪತ್ರಿಕೆಗೆ ಲಾಕ್‌ಡೌನ್ ದಿನಚರಿ ಬರೆದಾಗ, ಸಣ್ಣ ಫ್ಲ್ಯಾಟುಗಳಲ್ಲಿ ಮಕ್ಕಳೊಂದಿಗೆ ಸಿಕ್ಕಿಬಿದ್ದ ಓದುಗರು ಸಿಟ್ಟಿಗೆದ್ದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ತೋಟವಿರುವ ಮನೆಯಲ್ಲಿದ್ದವರೆಲ್ಲ ಸುಖವಾಗಿದ್ದರು ಎಂಬ ಚಿತ್ರ ಆ ಜಗಳದಿಂದಲೇ ಬೇರೂರಿತು. ಹಳ್ಳಿಯಲ್ಲೇ ಹುಟ್ಟಿ ಅಲ್ಲೇ ಮುದುಕರಾದವರ ಕಥೆ ಅದರಡಿ ಹೂತುಹೋಯಿತು.

ಒಂದು ಹಾಳೆ, ಒಂದು ಕಿಲೋಮೀಟರ್

ಮನೆಯಿಂದ ಹೊರಗೆ ಕಾಲಿಡಲು ಸ್ವಘೋಷಣಾ ಪತ್ರ ಬೇಕಿತ್ತು. ಹೆಸರು, ಹುಟ್ಟಿದ ದಿನ, ವಿಳಾಸ, ಹೊರಡುವ ಕಾರಣ, ದಿನಾಂಕ, ಸಹಿ. ಕೆಲಸ, ದಿನಸಿ, ಚಿಕಿತ್ಸೆ, ಅಸಹಾಯಕರ ಆರೈಕೆ, ಮನೆಯ ಹತ್ತಿರದ ಸಣ್ಣ ನಡಿಗೆ: ಈ ಪಟ್ಟಿಯಲ್ಲಿ ಒಂದಕ್ಕೆ ಗುರುತು ಹಾಕಬೇಕು. ಪ್ರತಿ ಸಲಕ್ಕೂ ಹೊಸ ಹಾಳೆ. ಮೊಬೈಲಿನಲ್ಲಿ ತೋರಿಸುವ ಅವಕಾಶ ಸಿಕ್ಕಿದ್ದು ಏಪ್ರಿಲ್ 6ಕ್ಕೆ. ಪತ್ರವಿಲ್ಲದೆ ಸಿಕ್ಕಿಬಿದ್ದರೆ 135 ಯೂರೊ ದಂಡ.

ಪ್ರಿಂಟರ್ ಇಲ್ಲದ ಮನೆಯ ಎಂಬತ್ತರ ಅಜ್ಜಿ ಏನು ಮಾಡಬೇಕು? ಇಡೀ ಪಠ್ಯವನ್ನು ಕೈಯಾರೆ ನಕಲು ಮಾಡಬೇಕು. ಶಾಲೆ ಬಿಟ್ಟ ಮೇಲೆ ಇಷ್ಟು ಬರೆಯದವರು ಬ್ರೆಡ್ಡಿಗೆಂದು ಅಡುಗೆಮನೆಯ ಮೇಜಿನ ಮೇಲೆ ಕಾನೂನಿನ ವಾಕ್ಯಗಳನ್ನು ಬರೆದರು. ಪ್ರಾದೇಶಿಕ ಪತ್ರಿಕೆಗಳು ನಮೂನೆಯನ್ನು ಕತ್ತರಿಸಿಕೊಳ್ಳಲು ಆಗುವಂತೆ ಮುದ್ರಿಸಿದವು. ಗ್ರಾಮ ಕಚೇರಿಗಳು ನೂರಾರು ಪ್ರತಿ ತೆಗೆದು ಬೇಕರಿಯಲ್ಲಿಟ್ಟವು, ಅಂಚೆಪೆಟ್ಟಿಗೆಗಳಿಗೆ ಹಾಕಿಸಿದವು.

ಮಾರ್ಚ್ 24ರಿಂದ ನಡಿಗೆಗೂ ಅಳತೆ ಬಿತ್ತು: ದಿನಕ್ಕೊಮ್ಮೆ, ಒಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರಿನೊಳಗೆ. ಪ್ಯಾರಿಸ್ಸಿನಲ್ಲಿ ಒಂದು ಕಿಲೋಮೀಟರ್ ಎಂದರೆ ಹತ್ತಾರು ಸಾವಿರ ಜನ. ಲುಬೆರೋಂ ಬೆಟ್ಟದಲ್ಲಿ ಅದೇ ಅಳತೆಗೆ ಎರಡು ಬೇಲಿ, ಒಂದು ಬಾದಾಮಿ ತೋಟ, ಯಾರದೋ ನಾಯಿ. ಬೆಳಗಿನಿಂದ ಸಂಜೆವರೆಗೆ ಇನ್ನೊಬ್ಬ ಮನುಷ್ಯ ಎದುರಾಗದ ಕಾಡುದಾರಿಯಲ್ಲೂ ಗಡಿಯಾರ ನೋಡಿಕೊಂಡು ಹಿಂತಿರುಗಬೇಕಿತ್ತು. ದೇಶಕ್ಕೆಲ್ಲ ಒಂದೇ ನಿಯಮ ಎಂಬ ಫ್ರೆಂಚ್ ಆಡಳಿತದ ಹಳೆಯ ನಂಬಿಕೆಗೆ ಸಮಾನತೆಯ ಗೌರವವಿದೆ, ಒಪ್ಪೋಣ. ಆದರೆ ರೋಗ ಹರಡುವ ಬಗೆಗೂ ಆ ಒಂದು ಕಿಲೋಮೀಟರಿಗೂ ಹಳ್ಳಿಯಲ್ಲಿ ಯಾವ ಸಂಬಂಧವೂ ಇರಲಿಲ್ಲ. ದೇಶದಾದ್ಯಂತ ಈ 55 ದಿನಗಳಲ್ಲಿ ಬಿದ್ದ ದಂಡಗಳ ಸಂಖ್ಯೆ 10 ಲಕ್ಷ ದಾಟಿತು.

| ಚೌಕಟ್ಟು | ಮೂರು ಶತಮಾನದ ಹಿಂದಿನ ಗೋಡೆ
*1720ರ ಮೇ 25ರಂದು ‘ಗ್ರಾಂ ಸೇಂತ್ ಆಂತ್ವಾನ್’ ಎಂಬ ಹಡಗು ಬಟ್ಟೆಯ ಮೂಟೆಗಳ ಜೊತೆ ಪ್ಲೇಗನ್ನೂ ಮಾರ್ಸೇ ಬಂದರಿಗೆ ತಂದಿತು. ನಗರದಲ್ಲಿ ಸುಮಾರು 40 ಸಾವಿರ ಜನ ಸತ್ತರು. ಉತ್ತರಕ್ಕಿದ್ದ, ಆಗ ಪೋಪರ ಆಳ್ವಿಕೆಯಲ್ಲಿದ್ದ ಕೋಂತಾ ವನೆಸ್ಸಾಂ ಸೀಮೆಯವರು 1721ರಲ್ಲಿ ವೋಕ್ಲೂಸ್ ಬೆಟ್ಟಗಳ ಮೇಲೆ 27 ಕಿ.ಮೀ. ಉದ್ದದ ಗೋಡೆ ಕಟ್ಟಿದರು. ಗಾರೆಯಿಲ್ಲದೆ ಜೋಡಿಸಿದ ಕಲ್ಲು, ಹೆಚ್ಚುಕಡಿಮೆ ಆಳೆತ್ತರ, ನಡುನಡುವೆ ಕಾವಲು ಗುಡಿಸಲು. ಊರಿಂದೂರಿಗೆ ಹೋಗುವವರ ಬಳಿ ಆಗಲೂ ‘ಆರೋಗ್ಯ ಚೀಟಿ’ ಇರಬೇಕಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ಲೇಗು ಗೋಡೆ ದಾಟಿ ಆವಿನ್ಯೋಂ ಸೇರಿತು. ಕಾವಲು ಅದಲುಬದಲಾಯಿತು: ಈಗ ಫ್ರೆಂಚ್ ಸೈನಿಕರು ಇನ್ನೊಂದು ಬದಿಯಿಂದ ಪಹರೆ ನಿಂತರು. ಕಬ್ರಿಯೇರ್ ದಾವಿನ್ಯೋಂ ಹಳ್ಳಿಯ ಬಳಿ ಗೋಡೆಯ ಉಳಿಕೆಗಳು ಇಂದಿಗೂ ಕಾಣುತ್ತವೆ. ಪ್ಲೇಗು ಬಂದ 300ನೇ ವರ್ಷದಲ್ಲಿ ಅದೇ ಸೀಮೆಯ ಜನ ಮತ್ತೆ ಚೀಟಿ ಹಿಡಿದು ನಡೆದರು.*

ಸಂತೆಗೆ ಬಿದ್ದ ಪೆಟ್ಟು

ಸೋಮವಾರ ಮಾರ್ಚ್ 23ರ ಸಂಜೆ ಪ್ರಧಾನಿ ಎದುವಾರ್ ಫಿಲಿಪ್ ಬಯಲು ಸಂತೆಗಳನ್ನು ಮುಚ್ಚಿಸಿದರು. ಹಳ್ಳಿಗಳಿಗೆ ಲಾಕ್‌ಡೌನ್ ನಿಜವಾಗಿ ತಟ್ಟಿದ್ದು ಅಂದು.

ಪ್ರೊವಾನ್ಸ್‌ನಲ್ಲಿ ವಾರದ ದಿನಗಳಿಗೆ ಊರಿನ ಗುರುತಿದೆ. ಶುಕ್ರವಾರ ಎಂದರೆ ಲೂರ್ಮಾರಾಂ, ಶನಿವಾರ ಎಂದರೆ ಆಪ್ತ್. ಮೇಕೆಯ ಗಿಣ್ಣು (ಚೀಸ್), ಬೆಟ್ಟದ ಜೇನು, ಆಲಿವ್, ಏಪ್ರಿಲ್ ಬಂದರೆ ಕಾರ್ಪಾಂತ್ರಾದ ಸ್ಟ್ರಾಬೆರಿ, ಮೇ ತಿಂಗಳಲ್ಲಿ ಚೆರ್ರಿ. ಬೆಟ್ಟದ ಒಂಟಿ ಮನೆಯ ರೈತ ವಾರವೆಲ್ಲ ಯಾರೊಡನೆಯೂ ನಾಲ್ಕು ಮಾತಾಡದಿದ್ದರೂ ಸಂತೆಯ ದಿನ ನೂರು ಜನರಿಗೆ ಕೈ ಕುಲುಕುತ್ತಾನೆ. ಯಾರ ಮೊಣಕಾಲು ನೋವು ಹೆಚ್ಚಿದೆ, ಯಾರ ಮಗಳು ಊರಿಗೆ ಬಂದಿದ್ದಾಳೆ, ಯಾರು ಎರಡು ವಾರದಿಂದ ಕಾಣಿಸಿಲ್ಲ ಎಲ್ಲವೂ ಅಲ್ಲಿ ತಿಳಿಯುತ್ತದೆ. ಕಾಣಿಸದವರ ಮನೆಗೆ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ. ಈ ಲೆಕ್ಕ ಯಾವ ಕಚೇರಿಯ ಪುಸ್ತಕದಲ್ಲೂ ಇರುವುದಿಲ್ಲ.

ಮುಚ್ಚಿದ ಛಾವಣಿಯಡಿಯ ಸೂಪರ್‌ಮಾರ್ಕೆಟ್ ತೆರೆದಿತ್ತು, ಗಾಳಿಯಾಡುವ ಸಂತೆ ಮುಚ್ಚಿತ್ತು. ರೈತರು ಇದನ್ನು ತಡೆಯಲಾರದೆ ಪ್ರತಿಭಟಿಸಿದರು. ಮೇಯರ್ ಬರೆದುಕೊಟ್ಟರೆ ಜಿಲ್ಲಾಡಳಿತದ ಮುಖ್ಯಸ್ಥ, ಅಂದರೆ ಪ್ರಿಫೆಕ್ಟ್, ವಿನಾಯಿತಿ ಕೊಡಬಹುದೆಂಬ ಕಿಂಡಿ ಆದೇಶದಲ್ಲೇ ಇತ್ತು. ಆ ಕಿಂಡಿಯಿಂದ ಮುಂದಿನ ವಾರಗಳಲ್ಲಿ ಸಾವಿರಾರು ಸಂತೆಗಳು ಮರಳಿ ತೆರೆದವು. ಅಂಗಡಿಗಳ ನಡುವೆ ಅಂತರ, ಸುತ್ತ ಹಗ್ಗ, ಒಂದೇ ದಿಕ್ಕಿನ ನಡಿಗೆ, ತರಕಾರಿ ಮುಟ್ಟುವಂತಿಲ್ಲ.

ತೆರೆಯದ ಕಡೆ ಊರುಗಳು ತಾವೇ ದಾರಿ ಹುಡುಕಿದವು. ರೈತರು ಹಿಂದಿನ ರಾತ್ರಿ ಫೋನಿನಲ್ಲಿ ಆರ್ಡರ್ ಬರೆದುಕೊಂಡು, ಬುಟ್ಟಿ ಕಟ್ಟಿ, ಗ್ರಾಮ ಕಚೇರಿಯ ಅಂಗಳದಲ್ಲಿ ಹೆಸರು ಹಚ್ಚಿ ಇಟ್ಟರು.

ಗಿಣ್ಣು ಮಾಡುವವರ ಸಂಕಟ ಬೇರೆಯೇ. ಹಸು, ಮೇಕೆಗಳಿಗೆ ಲಾಕ್‌ಡೌನ್ ಇಲ್ಲ; ವಸಂತದ ಹುಲ್ಲು ತಿಂದು ಅವು ಹೆಚ್ಚು ಹಾಲು ಕೊಡುವ ಕಾಲವೇ ಅದು. ಹೋಟೆಲು ಮುಚ್ಚಿದ್ದವು, ಸೂಪರ್‌ಮಾರ್ಕೆಟ್ಟುಗಳು ಗಿಣ್ಣು ಕೊಯ್ದು ಕೊಡುವ ಕೌಂಟರ್ ನಿಲ್ಲಿಸಿದ್ದವು. ಊರಿನ ಹೆಸರಿನ ಮೇಲೆ ರಕ್ಷಣೆ ಪಡೆದ ಸಾಂಪ್ರದಾಯಿಕ ಗಿಣ್ಣುಗಳ ಮಾರಾಟ ಮೊದಲ ವಾರಗಳಲ್ಲಿ ಸುಮಾರು ಶೇ 60 ಕುಸಿಯಿತು. ಕೆಲವರು ಹಾಲು ಕಡಿಮೆ ಕರೆದರು, ಕೆಲವರು ಗಿಣ್ಣನ್ನು ಶೀತಗೃಹಕ್ಕೆ ತುಂಬಿದರು. ಕೆಲವರು ಹಾಲನ್ನೇ ಚೆಲ್ಲಿದರು.

ಹೊಲದಲ್ಲಿ ಕೈಗಳ ಕೊರತೆ. ಶತಾವರಿಯ ಮೊಳಕೆ, ಫ್ರೆಂಚರ ಪ್ರೀತಿಯ ಆಸ್ಪರಾಗಸ್, ನೆಲದಿಂದ ಏಳುವ ಕಾಲ ಅದು. ದಿನವೂ ಬಗ್ಗಿ ಕೊಯ್ಯಬೇಕು. ಒಂದು ದಿನ ತಪ್ಪಿದರೆ ತುದಿ ಬಿರಿದು ಬೆಲೆ ಹೋಗುತ್ತದೆ. ಈ ಕೆಲಸಕ್ಕೆ ಪ್ರತಿ ವರ್ಷ ಮೊರಾಕ್ಕೊ, ಸ್ಪೇನ್, ಪೋಲೆಂಡಿನಿಂದ ಬರುತ್ತಿದ್ದವರು ಗಡಿಯಾಚೆ ಉಳಿದರು. ಮಾರ್ಚ್ 24ರಂದು ಕೃಷಿ ಸಚಿವ ದಿದಿಯೇ ಗಿಯೋಮ್ 2 ಲಕ್ಷ ಜನ ಹೊಲಕ್ಕೆ ಬನ್ನಿ ಎಂದು ಕರೆ ಕೊಟ್ಟರು. ಕೆಲಸ ಕಳೆದುಕೊಂಡ ವೇಟರುಗಳು, ಕ್ಷೌರದಂಗಡಿಯವರು, ವಿದ್ಯಾರ್ಥಿಗಳು ಹೆಸರು ಬರೆಸಿದರು. ಎರಡೇ ವಾರಗಳಲ್ಲಿ ಸಂಖ್ಯೆ 2 ಲಕ್ಷ ದಾಟಿತು. ಹೊಲ ತಲುಪಿದವರು ಅದರಲ್ಲಿ ಬಹಳ ಕಡಿಮೆ, ಸೊಂಟ ಬಾಗಿಸಿ ಋತು ಮುಗಿಯುವ ತನಕ ನಿಂತವರು ಇನ್ನೂ ಕಡಿಮೆ. ಹೊರನಾಡಿನ ಕೂಲಿಗಳ ಕೌಶಲ ಎಂಥದ್ದೆಂದು ಫ್ರಾನ್ಸ್‌ಗೆ ಆ ವಸಂತ ಚೆನ್ನಾಗಿ ತೋರಿಸಿಕೊಟ್ಟಿತು.

ಬ್ರೆಡ್ಡಿನ ವ್ಯಾನು, ಅಂಚೆಯ ಹಳದಿ ಬಂಡಿ

ಬೇಕರಿಯಿಲ್ಲದ ಹಳ್ಳಿಗಳಿಗೆ ಪಕ್ಕದೂರಿನಿಂದ ಬ್ರೆಡ್ಡಿನ ವ್ಯಾನು ಬರುತ್ತದೆ. ಗೊತ್ತಾದ ದಿನ, ಗೊತ್ತಾದ ತಿರುವಿನಲ್ಲಿ ಹಾರ್ನ್ ಹೊಡೆಯುತ್ತದೆ. ಲಾಕ್‌ಡೌನ್ ದಿನಗಳಲ್ಲಿ ಎಷ್ಟೋ ಒಂಟಿ ಜೀವಗಳು ಬೆಳಗಿನಿಂದ ಕೇಳಿದ ಮೊದಲ ಮನುಷ್ಯಧ್ವನಿ ಆ ವ್ಯಾನಿನವರದೇ. ಚಿಲ್ಲರೆ ತಟ್ಟೆಯಲ್ಲಿ, ಬ್ರೆಡ್ಡು ಕಾಗದದ ಚೀಲದಲ್ಲಿ, ಮಾತು ಎರಡು ಮೀಟರ್ ದೂರದಿಂದ.

ಮನೆಯಲ್ಲೇ ಸುಟ್ಟುಕೊಳ್ಳೋಣವೆಂದು ಹಿಟ್ಟು ಹುಡುಕಿದವರಿಗೆ ಕಪಾಟು ಬರಿದಾಗಿ ಕಂಡಿತು. ಗೋಧಿಗೆ ಬರವಿರಲಿಲ್ಲ. ಫ್ರಾನ್ಸ್‌ನ ಗಿರಣಿಗಳು ಬಹುಪಾಲು ಹಿಟ್ಟನ್ನು ದೊಡ್ಡ ಮೂಟೆಗಳಲ್ಲಿ ಬೇಕರಿ ಮತ್ತು ಕಾರ್ಖಾನೆಗಳಿಗೆ ಕಳಿಸುತ್ತವೆ. ಮನೆಬಳಕೆಯ ಒಂದು ಕಿಲೋ ಪೊಟ್ಟಣ ತುಂಬುವ ಯಂತ್ರಗಳು ಇದ್ದದ್ದೇ ಕೆಲವು. ಕೆಲವು ಹಳ್ಳಿ ಬೇಕರಿಗಳು ತಮ್ಮ ಮೂಟೆ ಬಿಚ್ಚಿ ನೆರೆಹೊರೆಗೆ ಹಿಟ್ಟು ತೂಗಿ ಕೊಟ್ಟವು.

ಅಂಚೆ ಇಲಾಖೆಯ ಕಥೆ ಅಷ್ಟು ಹೆಮ್ಮೆಯದಲ್ಲ. ಮಾರ್ಚ್ ಕೊನೆಯಲ್ಲಿ ಲಾ ಪೋಸ್ತ್ ಪತ್ರ ವಿತರಣೆಯನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿತು, ಸಣ್ಣ ಊರುಗಳ ಕಚೇರಿಗಳು ಮುಚ್ಚಿದವು. ನೌಕರರ ಸುರಕ್ಷತೆಯ ಪ್ರಶ್ನೆ ನಿಜವಾದದ್ದೇ, ಆದರೂ ಪಿಂಚಣಿಯನ್ನು ನಗದಾಗಿ ಪಡೆಯುತ್ತಿದ್ದ ಹಿರಿಯರು ಪರದಾಡಿದರು. ಬಂದಷ್ಟು ದಿನ ಹಳದಿ ವ್ಯಾನು ಕಾಗದಕ್ಕಿಂತ ಹೆಚ್ಚಿನದನ್ನು ಹೊತ್ತು ತಂದಿತು: ಔಷಧ, ಊಟ, ಶಾಲೆಯ ಮನೆಪಾಠ. ಇಂಟರ್‌ನೆಟ್ ಸರಿಯಾಗಿ ಹಿಡಿಯದ ಕಣಿವೆಗಳ ಮಕ್ಕಳಿಗೆ ಶಿಕ್ಷಕರು ಆನ್‌ಲೈನ್‌ನಲ್ಲಿ ಕಳಿಸಿದ ಪಾಠವನ್ನು ಅಂಚೆಯವರು ಮುದ್ರಿಸಿ ಮನೆಗೆ ತಲುಪಿಸುವ ವ್ಯವಸ್ಥೆ ಏಪ್ರಿಲ್‌ನಲ್ಲಿ ಶುರುವಾಯಿತು. ಉತ್ತರ ಬರೆದು ವಾಪಸು ಕಳಿಸಲು ಅಂಚೆವೆಚ್ಚ ಕಟ್ಟಿದ ಲಕೋಟೆಯೂ ಜೊತೆಗಿತ್ತು.

ಹೋಗಬೇಕಿದ್ದ ಮೇಯರ್‌ಗಳು

ಫ್ರಾನ್ಸ್‌ನಲ್ಲಿ ಸುಮಾರು 35 ಸಾವಿರ ಕಮ್ಯೂನ್‌ಗಳು, ಅಂದರೆ ಸ್ಥಳೀಯ ಆಡಳಿತ ಘಟಕಗಳು, ಇವೆ. ಅರ್ಧಕ್ಕೂ ಹೆಚ್ಚಿನವುಗಳ ಜನಸಂಖ್ಯೆ 500ರ ಒಳಗೆ. ಇನ್ನೂರು ಜನರ ಊರಿಗೂ ಚುನಾಯಿತ ಮೇಯರ್ ಇರುತ್ತಾರೆ. ಕೆಫೆಗಳೆಲ್ಲ ಮುಚ್ಚಿದ ಮರುದಿನವೇ, ಮಾರ್ಚ್ 15ರಂದು, ಸ್ಥಳೀಯ ಚುನಾವಣೆಯ ಮೊದಲ ಸುತ್ತು ನಡೆಯಿತು. ಜನ ತಮ್ಮ ತಮ್ಮ ಪೆನ್ನು ಹಿಡಿದು ಮತಗಟ್ಟೆಗೆ ಹೋದರು. ಸುಮಾರು 30 ಸಾವಿರ ಊರುಗಳಲ್ಲಿ ಅಂದೇ ಫಲಿತಾಂಶ ಬಂತು. ಆದರೆ ಗೆದ್ದವರು ಅಧಿಕಾರ ವಹಿಸಿಕೊಳ್ಳುವಂತಿಲ್ಲ; ಹಳಬರೇ ಮುಂದುವರಿಯಬೇಕು.

ಸೋತವರು, ಸಾಕೆಂದು ನಿವೃತ್ತಿ ಘೋಷಿಸಿದ್ದವರು, ಅನೇಕರು ಎಪ್ಪತ್ತರ ಆಸುಪಾಸಿನವರು, ಹೀಗೆ ಮತ್ತೆ ಎರಡು ತಿಂಗಳು ಕುರ್ಚಿಯಲ್ಲಿ ಉಳಿದರು. ಅವರ ಕೈಯಲ್ಲಿ ಒಂದು ಅಮೂಲ್ಯ ಪುಸ್ತಕವಿತ್ತು. 2003ರ ಆಗಸ್ಟ್‌ನ ಬಿಸಿಗಾಳಿಗೆ ಫ್ರಾನ್ಸ್‌ನಲ್ಲಿ ಸುಮಾರು 15 ಸಾವಿರ ಜನ ಸತ್ತಿದ್ದರು, ಬಹುಪಾಲು ಒಂಟಿ ವೃದ್ಧರು. ಆ ನಾಚಿಕೆಯಿಂದ 2004ರಲ್ಲಿ ಕಾನೂನಾಯಿತು: ಒಂಟಿಯಾಗಿರುವ, ಅಶಕ್ತರಾದ ಊರವರ ನೋಂದಣಿ ಪುಸ್ತಕವನ್ನು ಗ್ರಾಮ ಕಚೇರಿ ಇಡಬೇಕು. ಬೇಸಿಗೆಗೆಂದು ಬರೆದಿಟ್ಟ ಆ ಹೆಸರುಗಳಿಗೆ 2020ರ ವಸಂತದಲ್ಲಿ ಫೋನುಗಳು ಹೋದವು. ಊಟ ಆಯಿತೇ, ಮಾತ್ರೆ ಇದೆಯೇ, ಜ್ವರ ಇದೆಯೇ. ಉತ್ತರ ಬಾರದಿದ್ದರೆ ಯಾರಾದರೂ ಹೋಗಿ ಕಿಟಕಿ ತಟ್ಟಿದರು.

ಫ್ರೆಂಚ್ ಆಡಳಿತ ಸುಧಾರಕರು ದಶಕಗಳಿಂದ ಹೇಳುತ್ತಿರುವ ಮಾತೊಂದಿದೆ: ಇಷ್ಟು ಸಣ್ಣ ಕಮ್ಯೂನ್‌ಗಳು ದುಂದು, ವಿಲೀನ ಮಾಡಬೇಕು. ಆ 55 ದಿನ ನೋಡಿದ ಮೇಲೆ ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ನೂರೈವತ್ತು ಮನೆಗಳ ಬಾಗಿಲನ್ನೂ ಹೆಸರು ಹಿಡಿದು ಬಲ್ಲ ಒಬ್ಬರು ಕಚೇರಿಯಲ್ಲಿರುವುದು ದುಂದುವೆಚ್ಚವಲ್ಲ.

ಹೊಲಿಗೆ ಯಂತ್ರ ಬಲ್ಲ ಹೆಂಗಸರನ್ನು ಒಟ್ಟುಗೂಡಿಸಿದ್ದೂ ಈ ಕಚೇರಿಗಳೇ. ಅಂಗಡಿಗಳಲ್ಲಿ ಮಾಸ್ಕ್ ಇರಲಿಲ್ಲ, ಇದ್ದವು ಆಸ್ಪತ್ರೆಗೆ ಮೀಸಲು. ಹಳೆಯ ಹೊದಿಕೆ, ದಿಂಬಿನ ಕವರು ಕತ್ತರಿಸಿ ಊರಿಗೆಲ್ಲ ಮಾಸ್ಕ್ ಹೊಲಿದರು.

ಗಂಟೆ ನಾದ, ಮುಚ್ಚಿದ ಬಾಗಿಲು

ಸಾವು ಹಳ್ಳಿಗಳನ್ನು ಬಿಡಲಿಲ್ಲ. ಫೆಬ್ರುವರಿ 8ರಷ್ಟು ಮುಂಚೆಯೇ ಆಲ್ಪ್ಸ್‌ನ ಲೇ ಕೋಂತಾಮೀನ್ ಎಂಬ ಸ್ಕೀ ಗ್ರಾಮದಲ್ಲಿ ಐವರು ಬ್ರಿಟಿಷ್ ಪ್ರವಾಸಿಗಳಿಗೆ ಸೋಂಕು ಕಂಡಿತ್ತು. ನಂತರ ಉತ್ತರದ ಉವಾಜ್, ಪೂರ್ವದ ಆಲ್ಸಾಸ್ ಪ್ರದೇಶಗಳು ಬಲವಾದ ಏಟು ತಿಂದವು. ಮೇ 11ರ ಹೊತ್ತಿಗೆ ದೇಶದಲ್ಲಿ 26 ಸಾವಿರಕ್ಕೂ ಹೆಚ್ಚು ಸಾವು.

ವೃದ್ಧಾಶ್ರಮಗಳ ಭೇಟಿ ಮಾರ್ಚ್ 11ರಂದೇ ನಿಂತುಹೋಗಿತ್ತು. ಅರವತ್ತು ವರ್ಷ ಒಟ್ಟಿಗೆ ಬಾಳಿದ ದಂಪತಿಯಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ. ಏಪ್ರಿಲ್ 20ರಂದು ಷರತ್ತಿನ ಮೇಲೆ ಬಾಗಿಲು ಸ್ವಲ್ಪ ತೆರೆಯುವ ಮುನ್ನವೇ ಎಷ್ಟೋ ಮಂದಿ ಯಾರನ್ನೂ ನೋಡದೆ ಹೋದರು. ಅಂತ್ಯಸಂಸ್ಕಾರಕ್ಕೆ 20 ಜನರ ಮಿತಿ. ಊರಿಗೆ ಊರೇ ಶವದ ಹಿಂದೆ ನಡೆಯುವ ರೂಢಿಯ ಹಳ್ಳಿಗಳಲ್ಲಿ ಜನ ತಂತಮ್ಮ ಹೊಸ್ತಿಲಲ್ಲಿ ನಿಂತು ಟೋಪಿ ತೆಗೆದರು.

ಮಾರ್ಚ್ 25ರ ಸಂಜೆ 7.30ಕ್ಕೆ ಬಿಷಪ್‌ಗಳ ಕರೆಯಂತೆ ಫ್ರಾನ್ಸ್‌ನ ಚರ್ಚುಗಳ ಗಂಟೆಗಳು ಹತ್ತು ನಿಮಿಷ ಮೊಳಗಿದವು. ದಿನವೂ ರಾತ್ರಿ 8ಕ್ಕೆ ವೈದ್ಯರು, ದಾದಿಯರಿಗಾಗಿ ಚಪ್ಪಾಳೆ. ಬಾಲ್ಕನಿಗಳಿಲ್ಲದ ಹಳ್ಳಿಗಳಲ್ಲಿ ಪಾತ್ರೆ, ಹಸುವಿನ ಕೊರಳಗಂಟೆ. ಏಪ್ರಿಲ್ 12ರ ಈಸ್ಟರ್‌ಗೆ ಚರ್ಚಿನಲ್ಲಿ ಜನವಿರಲಿಲ್ಲ. ಈಸ್ಟರ್‌ಗೆ ಮೊದಲು ಗಂಟೆಗಳೆಲ್ಲ ರೋಮ್‌ಗೆ ಹಾರಿ ಹೋಗಿ, ಮರಳುವಾಗ ಮಕ್ಕಳಿಗೆ ಚಾಕೊಲೇಟ್ ಮೊಟ್ಟೆ ಉದುರಿಸುತ್ತವೆ ಎಂಬುದು ಅಲ್ಲಿನ ಅಜ್ಜಿಕಥೆ. ಅಜ್ಜ ಅಜ್ಜಿಯರು ಬರಲಾಗದ ಆ ವರ್ಷವೂ ತೋಟಗಳಲ್ಲಿ ಮೊಟ್ಟೆ ಅಡಗಿದ್ದವು.

| ಚೌಕಟ್ಟು | ಕೂಗಿದ ಹುಂಜ, ಬಂದ ಕಾನೂನು
*ಓಲೆರೋಂ ದ್ವೀಪದ ಮೌರಿಸ್ ಎಂಬ ಹುಂಜದ ಮುಂಜಾನೆಯ ಕೂಗಿನ ಮೇಲೆ ರಜಾ ಮನೆಯ ನೆರೆಯವರು ಮೊಕದ್ದಮೆ ಹೂಡಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಹುಂಜದ ಪರ ನಿಂತಿತು. ಮೌರಿಸ್ ಸತ್ತದ್ದು ಲಾಕ್‌ಡೌನ್ ವಸಂತದಲ್ಲಿ. ದೇಶದ ಸಂಕಟದ ಮುಂದೆ ಇದೇನು ಎಂದುಕೊಂಡು ಮನೆಯೊಡತಿ ಆ ಸುದ್ದಿಯನ್ನು ಜೂನ್‌ನಲ್ಲಷ್ಟೇ ಹೇಳಿದರು. 2021ರ ಜನವರಿ 29ರಂದು ಫ್ರಾನ್ಸ್ ಹಳ್ಳಿಗಳ ಸದ್ದು ಮತ್ತು ವಾಸನೆಗಳನ್ನು ಪರಂಪರೆಯೆಂದು ಗುರುತಿಸುವ ಕಾನೂನು ಮಾಡಿತು.*

ಟೊಮೆಟೊ ಸಸಿಯ ದಿನಾಂಕ

ತರಕಾರಿ ತೋಟ ಮನೆಗೆ ಹೊಂದಿಕೊಂಡಿದ್ದವರಿಗೆ ತೊಂದರೆಯಿರಲಿಲ್ಲ. ಆದರೆ ಹಳೆಯ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿ ಮೇಲೆ, ತೋಟದ ತುಂಡುಗಳು ಹೊಳೆಯ ಬದಿಗೆ ಕೆಳಗೆ. ಅಲ್ಲಿಗೆ ಹೋಗಲು ಪತ್ರದಲ್ಲಿ ಯಾವ ಕಾರಣಕ್ಕೆ ಗುರುತು ಹಾಕಬೇಕು? ಬಟಾಣಿ, ಆಲೂಗಡ್ಡೆ ಹಾಕುವ ಹದ ಕೈತಪ್ಪುತ್ತಿತ್ತು. ಒತ್ತಾಯದ ನಂತರ ಏಪ್ರಿಲ್‌ನಲ್ಲಿ ಸರ್ಕಾರ ಒಪ್ಪಿತು: ಹೊಟ್ಟೆಗೆ ಬೆಳೆಯುವ ತೋಟಕ್ಕೆ ಹೋಗುವುದು ದಿನಸಿಗೆ ಹೋದಂತೆ. ಬೀಜ, ತರಕಾರಿ ಸಸಿಗಳ ಮಾರಾಟಕ್ಕೂ ಅನುಮತಿ ಸಿಕ್ಕಿತು.

ಫ್ರೆಂಚ್ ರೈತರ ಪಂಚಾಂಗದಲ್ಲಿ ಮೇ 11, 12, 13 ‘ಹಿಮದ ಸಂತರ’ ದಿನಗಳು: ಮಾಮೇರ್, ಪಾಂಕ್ರಾಸ್, ಸೆರ್ವೇ. ಕೊನೆಯ ಇಬ್ಬನಿಹಿಮ ಬೀಳುವುದು ಆಗಲೇ ಎಂಬ ನಂಬಿಕೆ. ಅವು ಕಳೆಯುವ ತನಕ ಟೊಮೆಟೊ ಸಸಿ ಹೊರಗಿಡುವುದಿಲ್ಲ. ಸರ್ಕಾರ ಲಾಕ್‌ಡೌನ್ ತೆಗೆಯಲು ಆರಿಸಿದ ದಿನ ಮೇ 11. ಊರಿನ ಮುದುಕರಿಗೆ ದಿನಾಂಕ ನೆನಪಿಡುವುದು ಕಷ್ಟವಾಗಲಿಲ್ಲ.

ಅಂದಿನಿಂದ ಪತ್ರವಿಲ್ಲದೆ 100 ಕಿ.ಮೀ. ತನಕ ಹೋಗಬಹುದಾಯಿತು. ಅದೇ ವಾರ ಶಾಲೆಗಳು ತರಗತಿಗೆ 15 ಮಕ್ಕಳ ಮಿತಿಯೊಂದಿಗೆ ತೆರೆಯತೊಡಗಿದವು. ಮೇ ಕೊನೆಯ ವಾರ ಹೊಸ ಮೇಯರ್‌ಗಳು ಬಂದರು. ಕೆಫೆಗಳು ತೆರೆದದ್ದು ಜೂನ್ 2ಕ್ಕೆ.

ಕೆಫೆಗಳ ಬಗ್ಗೆ ಆತಂಕ ಮೊದಲೇ ಇತ್ತು. 1960ರ ಸುಮಾರಿಗೆ ಫ್ರಾನ್ಸ್‌ನಲ್ಲಿ 2 ಲಕ್ಷದಷ್ಟಿದ್ದ ಕೆಫೆಗಳು ಈಗ 40 ಸಾವಿರಕ್ಕೂ ಕಡಿಮೆ. 2019ರಲ್ಲಿ ‘ಗ್ರೂಪ್ ಎಸ್‌ಒಎಸ್’ ಎಂಬ ಸಾಮಾಜಿಕ ಸಂಸ್ಥೆ ಸಣ್ಣ ಊರುಗಳಲ್ಲಿ ಸಾವಿರ ಕೆಫೆಗಳನ್ನು ತೆರೆಯುವ, ಉಳಿಸುವ ಯೋಜನೆ ಆರಂಭಿಸಿತ್ತು. ಬ್ರೆಡ್ಡು, ಅಂಚೆ, ಪತ್ರಿಕೆ, ಕಾಫಿ ಎಲ್ಲ ಒಂದೇ ಸೂರಿನಡಿ. ಹಳ್ಳಿಯಲ್ಲಿ ಜನರ ನಡುವೆ ಅಂತರ ಮೊದಲಿನಿಂದಲೂ ಇದೆ; ಆ ಅಂತರವನ್ನು ದಾಟಿ ಸೇರುವ ಜಾಗಗಳೇ ಬೆರಳೆಣಿಕೆಯಷ್ಟು. ರೋಗ ತಡೆಯಲು ಮೊದಲು ಮುಚ್ಚಿದ್ದು ಅವನ್ನೇ.

ಅಕ್ಟೋಬರ್ 30ರಂದು ಎರಡನೇ ಲಾಕ್‌ಡೌನ್ ಬಂತು. ಮತ್ತೆ ಪತ್ರ, ಮತ್ತೆ ಒಂದು ಕಿಲೋಮೀಟರ್. ಆದರೆ ಈ ಸಲ ಶಾಲೆಗಳು ನಡೆದವು, ವೃದ್ಧಾಶ್ರಮದ ಭೇಟಿಗೆ ಅವಕಾಶವಿತ್ತು, ಆಹಾರದ ಬಯಲು ಸಂತೆಗಳು ಮುಚ್ಚಲಿಲ್ಲ. ವಸಂತದಲ್ಲಿ ರೈತರೂ ಮೇಯರ್‌ಗಳೂ ಕೂಗಿ ಹೇಳಿದ್ದು ಪ್ಯಾರಿಸ್ಸಿಗೆ ಕೇಳಿಸಿತ್ತು. ಕೆಫೆಗಳಿಗೆ ಮಾತ್ರ ಆ ಅದೃಷ್ಟವಿರಲಿಲ್ಲ. ಅವುಗಳ ಹೊರಗಿನ ಮೇಜುಗಳಿಗೆ ಜನ ಮರಳಿದ್ದು 2021ರ ಮೇ 19ಕ್ಕೆ, ಒಳಗಿನ ಮೇಜುಗಳಿಗೆ ಜೂನ್ 9ಕ್ಕೆ.